ಮೂರನೇ ಬಗೆಯ ತೋಳ

ಮತ್ತೋಡು
ಆಗಸ್ಟ್ ೧೭, ೨೦೦೩, ಭಾನುವಾರ

ಇವತ್ತಿಗೆ ನನಗೆ ಮೂವತ್ತೊಂದು ತುಂಬಿತು. ಉಡುಗೊರೆಯಾಗಿ ತೋಳದ ಒಂಬತ್ತು ಹಿಕ್ಕೆ ಸಿಕ್ಕವು. ಆರು ಒಣಗಿ ಸುಣ್ಣವಾಗಿದ್ದವು, ಮೂರು ಹಸಿ. ಹಸಿಯವನ್ನು ಸ್ಪಿರಿಟ್ ಬಾಟಲಿಗೆ ಹಾಕಿ ಕಿಟಕಿಯಲ್ಲಿಟ್ಟಿದ್ದೇನೆ. ಮನೆಯೊಡತಿ ರಂಗಕ್ಕ ಆ ಕಿಟಕಿಯ ಕಡೆ ತಿರುಗುವುದನ್ನೇ ಬಿಟ್ಟಿದ್ದಾಳೆ. ಅಂಗಡಿಯಲ್ಲಿ ಯಾರೋ ನನ್ನ ಬಗ್ಗೆ ವಿಚಾರಿಸಿದ್ದಕ್ಕೆ, "ಉಷಾರಾಣಿ ಅಂತ, ದುರ್ಗದೋರು. ಎಮ್ಮೆಸ್ಸಿ ಓದ್ಯಾರಂತೆ, ತೋಳದ ಹೇಲು ಆರಿಸ್ತಾರೆ" ಅಂದಳಂತೆ. ನನ್ನ ಪಿಎಚ್.ಡಿ.ಯನ್ನು ಇದಕ್ಕಿಂತ ಚುಟುಕಾಗಿ ನಮ್ಮ ಗೈಡ್ ಶಿವಕುಮಾರಪ್ಪ ಸರ್ ಕೂಡ ಹೇಳಲಾರರು.

ಅವಳಿಗೆ ಹೇಗೆ ಹೇಳಲಿ? ರೋಗಾಣು ಮೈಯೊಳಗೆ ನುಗ್ಗಿದಾಗ ಅದನ್ನು ಗುರುತು ಹಿಡಿಯುವ ಕೆಲವು ಜೀನ್‌ಗಳಿರುತ್ತವೆ. ಒಂದು ಬಗೆಯ ಜೀನ್ ಒಂದು ರೋಗಾಣುವನ್ನು ಹಿಡಿದರೆ ಇನ್ನೊಂದು ಬಗೆ ಇನ್ನೊಂದನ್ನು ಹಿಡಿಯುತ್ತದೆ. ಹಿಂಡಿನಲ್ಲಿ ಬಗೆಗಳು ಹೆಚ್ಚಿದ್ದರೆ, ಎಂಥ ರೋಗ ಬಂದರೂ ಯಾವುದಾದರೂ ಒಂದೆರಡು ಉಳಿದುಕೊಂಡು ಮತ್ತೆ ಮರಿ ಹಾಕುತ್ತವೆ. ಇಲ್ಲಿಯ ಕುರುಚಲು ಗುಡ್ಡಗಳಲ್ಲಿ ಈಗ ಹದಿನಾಲ್ಕೇ ತೋಳಗಳಿವೆ. ಅವುಗಳಲ್ಲಿ ಎಷ್ಟು ಬಗೆ ಉಳಿದಿವೆ ಎನ್ನುವುದನ್ನು ಮೂರು ವರ್ಷದಿಂದ ಹುಡುಕುತ್ತಿದ್ದೇನೆ. ಮಾರ್ಚ್ ಒಳಗೆ ಥೀಸಿಸ್ ಕೊಡದಿದ್ದರೆ ನೋಂದಣಿ ರದ್ದು. ಅಪ್ಪ ಫೋನಿನಲ್ಲಿ ಕೇಳುವುದು ಒಂದೇ: "ಇದನ್ನ ಮುಗಿಸಿದ್ರೆ ಕಾಲೇಜಲ್ಲಿ ಕೆಲಸ ಆಗುತ್ತೇನಮ್ಮ?" ನನಗೇನು ಗೊತ್ತು.

ಆಗಸ್ಟ್ ೨೯, ಶುಕ್ರವಾರ

ಹೈದರಾಬಾದಿನ ಲ್ಯಾಬಿನಿಂದ ಫಲಿತಾಂಶ ಬಂತು. ಹದಿನಾಲ್ಕರಲ್ಲಿ ಹದಿಮೂರು ತೋಳಗಳಿಗೆ ಇರುವುದು ಬರೀ ಎರಡು ಬಗೆ. ಎಲ್ಲವೂ ಒಂದೇ ಮನೆಯ ಮಕ್ಕಳು, ಅಕ್ಕತಂಗಿಯರ ಸಂಸಾರ. ಮೂರನೇ ಬಗೆ ಒಂದರಲ್ಲಿ ಮಾತ್ರ ಇದೆ, ಅದು ಎಡಗಿವಿ ಹರಿದ ಹೆಣ್ಣು. ನಾನು ಅವಳನ್ನು ಕಿವಿಹರುಕಿ ಅನ್ನುತ್ತೇನೆ. ಹೋದ ವರ್ಷ ಐಮಂಗಲದ ಕಡೆಯಿಂದ, ಆ ಲಾರಿಗಳ ಹೆದ್ದಾರಿ ದಾಟಿ ಬಂದವಳಿರಬೇಕು. ಸಂತೋಷಕ್ಕೆ ಒಬ್ಬಳೇ ರೂಮಿನಲ್ಲಿ ಚಪ್ಪಾಳೆ ತಟ್ಟಿದೆ.

ಸಂಜೆ ಗೊಲ್ಲರಹಟ್ಟಿಗೆ ಹೋಗಿ ಕುರಿ ಕಾಯುವ ಗೊಲ್ಲಪ್ಪನಿಗೆ ಹೇಳಿದೆ. ಈ ಮೂರು ವರ್ಷ ತೋಳದ ಜಾಡು ತೋರಿಸಿದವನು ಅವನೇ. ಆತನಿಗೆ ಇದೇನೂ ಹೊಸದಲ್ಲ.

"ಅದಕ್ಕೇ ಅಲ್ವೇನ್ರಿ ನಾವು ಮೂರು ವರ್ಸಕ್ಕೊಂದು ಕಿತ ಟಗರು ಬದಲಾಯ್ಸೋದು? ನಮ್ಮ ಹಟ್ಟಿ ಟಗರು ನಮ್ಮ ಕುರಿಗೇ ಬಿಟ್ಟಂಡಿದ್ರೆ ಒಂದು ಬ್ಯಾನೆ ಬಂತು ಅಂದ್ರೆ ಕುರಿರೊಪ್ಪನೇ ಖಾಲಿ."

ಮೂರು ವರ್ಷ, ಹೈದರಾಬಾದು, ಅಷ್ಟೊಂದು ಬಾಟಲಿ. ಇವನನ್ನು ಮೊದಲೇ ಕೇಳಿದ್ದರೆ ಆಗುತ್ತಿತ್ತು.

ಈ ಹಟ್ಟಿಯವರು ತೋಳವನ್ನು ಕೊಲ್ಲುವುದಿಲ್ಲ. ವರ್ಷಕ್ಕೊಂದು ಮರಿ ತೋಳಪ್ಪನ ಪಾಲು ಎಂದು ಬಿಟ್ಟುಬಿಡುತ್ತಾರೆ. ಅಪ್ಪಿತಪ್ಪಿ ಕೊಂದವನು ಒಂಬತ್ತು ದಿನ ಹಟ್ಟಿಯ ಹೊರಗೆ ಮರದ ಕೆಳಗಿರಬೇಕು, ಕುರಿ ಮುಟ್ಟುವಂತಿಲ್ಲ. ಗೊಲ್ಲಪ್ಪನ ಅಜ್ಜನ ಕಾಲದಿಂದ ಹಾಗೆ ಕೂತವರೇ ಇಲ್ಲವಂತೆ.

ಸೆಪ್ಟೆಂಬರ್ ೧೪, ಭಾನುವಾರ

ಹಳ್ಳದ ಹತ್ತಿರ ಒಂದು ಗಂಡು ತೋಳ ಸತ್ತುಬಿದ್ದಿತ್ತು. ವರ್ಷ ತುಂಬಿರಲಿಲ್ಲ. ಕಣ್ಣಿಗೆ ಪಿಸುರು ಮೆತ್ತಿಕೊಂಡು ರೆಪ್ಪೆ ಅಂಟಿಹೋಗಿದ್ದವು. ದವಡೆ ಕಡಿದು ಕಡಿದು ನಾಲಿಗೆ ಹರಿದುಕೊಂಡಿತ್ತು. ಪಕ್ಕದಲ್ಲಿ ಕೂತು ಅತ್ತೆ, ಸುಮಾರು ಹೊತ್ತು. ಮರಿಯಾಗಿದ್ದಾಗ ಇದು ತನ್ನ ಬಾಲವನ್ನೇ ಅಟ್ಟಿಸಿಕೊಂಡು ಬಂಡೆಯಿಂದ ಉರುಳಿದ್ದನ್ನು ನೋಡಿದ್ದೆ. ಸ್ಯಾಂಪಲ್ ತೆಗೆಯಬೇಕೆಂದು ನೆನಪಾದದ್ದೇ ಆಮೇಲೆ.

ಊರಿನ ನಾಯಿಗಳೂ ಹೀಗೇ ಸಾಯುತ್ತಿವೆ. ಪಶುವೈದ್ಯ ಎರ್ರಿಸ್ವಾಮಿಯವರು ನೋಡಿದೊಡನೆ ಹೇಳಿದರು: "ಡಿಸ್ಟೆಂಪರ್ ರೋಗ ಇದ್ದಂಗೈತೆ ಕಣಮ್ಮ. ನಾಯಿಂದ ತೋಳಕ್ಕೆ ಹತ್ತೈತೆ. ನಿಮ್ಮ ಲ್ಯಾಬಿಗೆ ಕಳ್ಸಿ ಒಂದು ರಿಪೋರ್ಟ್ ತರ್ಸಿಕೊಡ್ರಿ. ಅದಿಲ್ದೆ ಮೇಲಿನೋರಿಗೆ ಬರೆಯಂಗಿಲ್ಲ. ರಿಪೋರ್ಟ್ ಇದ್ರೆ ಲಸಿಕೆ ಬರ್ತೈತೆ, ಸುತ್ತಲಿನ ಎಲ್ಲಾ ನಾಯಿಗೂ ಹಾಕ್ಬಿಡಾಣ. ನಾಯಲ್ಲಿ ನಿಂತ್ರೆ ತೋಳದಲ್ಲೂ ನಿಲ್ತೈತೆ."

ನಾಳೆಯೇ ಕಳಿಸುತ್ತೇನೆ. ದೇವರೇ, ಕಿವಿಹರುಕಿಗೆ ಏನೂ ಆಗದಿರಲಿ.

ಸೆಪ್ಟೆಂಬರ್ ೨೪, ಬುಧವಾರ

ರಿಪೋರ್ಟ್ ಬಂತು. ಡಿಸ್ಟೆಂಪರೇ. ಎಸ್‌ಟಿಡಿ ಬೂತಿನಿಂದ ಸರ್‌ಗೆ ಫೋನ್ ಮಾಡಿದೆ. ಅಯ್ಯೋ ಅನ್ನುತ್ತಾರೆ ಎಂದುಕೊಂಡಿದ್ದೆ. ಅವರ ದನಿಯಲ್ಲಿ ಹಬ್ಬ.

"ಉಷಾ, ಇಂಥ ಅವಕಾಶ ಯಾರಿಗೆ ಸಿಗುತ್ತೆ? ಹಿಂಡಿನ ಜೀನ್ ಮೊದಲೇ ನಿನ್ನ ಕೈಲಿದೆ. ಈಗ ರೋಗ ಬಂದಿದೆ. ಯಾವ ಬಗೆ ಸಾಯುತ್ತೆ, ಯಾವ ಬಗೆ ಉಳಿಯುತ್ತೆ, ನಿನ್ನ ಕಣ್ಣೆದುರಿಗೇ ನಿಸರ್ಗದ ಆಯ್ಕೆ ನಡೀತಾ ಇದೆ. ಆ ರಿಪೋರ್ಟನ್ನ ಈಗಲೇ ಯಾರಿಗೂ ಕೊಡ್ಬೇಡ. ನಾಯಿಗಳಿಗೆ ಲಸಿಕೆ ಹಾಕಿ ರೋಗ ನಿಲ್ಲಿಸಿಬಿಟ್ರೆ ನಿನ್ನ ಮೂರನೇ ಬಗೆ ಉಳಿದದ್ದು ಜೀನ್‌ನಿಂದಲೋ ಲಸಿಕೆಯಿಂದಲೋ ಅಂತ ಪರೀಕ್ಷಕರು ಕೇಳ್ತಾರೆ. ಒಂದು ತಿಂಗಳು ತಡಿ, ಅಷ್ಟೆ."

ಹಿಕ್ಕೆಯಲ್ಲಿ ಸಿಕ್ಕ ಡಿಎನ್‌ಎ ತುಂಡುತುಂಡಾಗಿರುತ್ತದೆ, ಅದನ್ನು ಯಾರೂ ಒಪ್ಪುವುದಿಲ್ಲ, ರಕ್ತವೋ ಮಾಂಸವೋ ಬೇಕು ಎಂದೂ ಹೇಳಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನಗೆ ಸಿಟ್ಟು ಬಂತು. ಆದರೆ ಫೋನಿಟ್ಟು ನಡೆದು ಬರುವಾಗ ಅನ್ನಿಸಿತು, ಅವರು ಹೇಳಿದ್ದು ವಿಜ್ಞಾನದ ದೃಷ್ಟಿಯಿಂದ ತಪ್ಪಲ್ಲ.

ಸೆಪ್ಟೆಂಬರ್ ೨೬, ಶುಕ್ರವಾರ

ಎರ್ರಿಸ್ವಾಮಿ ಸಿಕ್ಕರು. ರಿಪೋರ್ಟ್ ಬಂತಾ ಎಂದು ಕೇಳಿದರು. ಇನ್ನೂ ಇಲ್ಲ ಸರ್ ಎಂದೆ.

ಅಕ್ಟೋಬರ್ ೭, ಮಂಗಳವಾರ

ಬೆಳಿಗ್ಗೆ ಗೊಲ್ಲಪ್ಪ ಕಂಬಳಿಯಲ್ಲಿ ಸುತ್ತಿಕೊಂಡು ಒಂದು ತೋಳ ತಂದ. ಗುಡ್ಡದ ಹಿಂದೆ ಸತ್ತಿತ್ತಂತೆ. ತಾನಾಗಿ ಸತ್ತದ್ದನ್ನು ಮುಟ್ಟಿದರೆ ಸ್ನಾನ ಮಾಡಿದರೆ ಸಾಕು ಅಂದ. ಸತ್ತು ಎರಡು ತಾಸೂ ಆಗಿರಲಿಲ್ಲ. ಇಷ್ಟು ತಾಜಾ ಸ್ಯಾಂಪಲ್ ಈ ಮೂರು ವರ್ಷದಲ್ಲಿ ಸಿಕ್ಕಿಲ್ಲ! ಗುಲ್ಮ, ಯಕೃತ್ತು, ಕಿವಿಯ ತುದಿ ಎಲ್ಲ ತೆಗೆದೆ. ಗೊಲ್ಲಪ್ಪನನ್ನು ಜಗಲಿಯಲ್ಲಿ ಕೂರಿಸಿ ಉಪ್ಪಿಟ್ಟು, ಕಾಫಿ ಕೊಟ್ಟೆ. "ದೊಡ್ಡ ಉಪಕಾರ ಮಾಡಿದಿರಿ ಅಣ್ಣ, ಇನ್ನು ಎಲ್ಲೇ ಕಂಡರೂ ಹೀಗೇ ತಂದುಕೊಡಿ" ಎಂದೆ.

"ನೀವು ಹಿಂಗೆ ನಕ್ಕಿದ್ದು ನಾನು ಇವತ್ತೇ ನೋಡಿದ್ದು ಮೇಡಮ್ನೋರೆ" ಅಂದ ಗೊಲ್ಲಪ್ಪ. ಅವನಿಗೂ ಖುಷಿಯಾಗಿತ್ತು.

ಅಕ್ಟೋಬರ್ ೧೯, ಭಾನುವಾರ

ಒಳ್ಳೆಯ ದಿನ. ಎರಡು ಸಿಕ್ಕವು, ಸಂಖ್ಯೆ ಆರು ಮತ್ತು ಏಳು. ಎರಡೂ ಹಳೆಯ ಬಗೆಯವೇ. ಸತ್ತ ಏಳರಲ್ಲಿ ಒಂದರಲ್ಲೂ ಮೂರನೇ ಬಗೆ ಇಲ್ಲ. ನಕ್ಷೆ ಬರೆಯುತ್ತಾ ಕೂತರೆ ಊಟ ನೆನಪಾಗುವುದಿಲ್ಲ.

ಗೊಲ್ಲಪ್ಪನ ಎರಡು ನಾಯಿಗಳಲ್ಲಿ ಒಂದು ಸತ್ತಿತಂತೆ, ಇನ್ನೊಂದು ಮಲಗಿದೆಯಂತೆ. ಅವನ ಹೆಂಡತಿ ನಾಗಕ್ಕ ಹೇಳಿ ಕಳಿಸಿದ್ದಳು, ಬಂದು ನೋಡಿ ಏನಾದರೂ ಔಷಧಿ ಇದ್ದರೆ ಕೊಡಿ ಎಂದು. ಈ ರೋಗಕ್ಕೆ ಔಷಧಿಯಿಲ್ಲ. ನಾಯಿಯ ಸ್ಯಾಂಪಲ್ ನನಗೆ ಬೇಕಾಗಿಲ್ಲ, ಹಾಗಾಗಿ ಹೋಗಲಿಲ್ಲ. ಮೂರು ದಿನದಿಂದ ಕೆಲಸ ತುಂಬಾ ಇತ್ತು.

ಅಕ್ಟೋಬರ್ ೨೮, ಮಂಗಳವಾರ

ಹಬ್ಬಕ್ಕೂ ದುರ್ಗಕ್ಕೆ ಹೋಗಲಿಲ್ಲ. ಇವತ್ತು ಸರ್ ಒಪ್ಪಿದರು, ರಿಪೋರ್ಟನ್ನು ಎರ್ರಿಸ್ವಾಮಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಮೇಲಿನ ತಾರೀಕು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಹೋದ ತಿಂಗಳದ್ದು ಐತಲ್ಲಮ್ಮ ಇದು."

ಅಂಚೆಯಲ್ಲಿ ತಡವಾಯಿತು ಎಂದೆ.

"ಆಗ್ಲಿ ಬಿಡ್ರಿ. ಲಸಿಕೆ ತರ್ಸಾಣ. ಹಾಕಾಕೆ ನಾಯಿ ಉಳಿದಿರ್ಬೇಕಲ್ಲ."

ಈ ಮನುಷ್ಯನಿಗೆ ಮೊದಲಿನಿಂದಲೂ ನನ್ನ ಮೇಲೆ ಏನೋ ಅಸೂಯೆ. ಇಪ್ಪತ್ತು ವರ್ಷ ದನದ ಬಾಲ ಹಿಡಿದವರಿಗೆ ಸಂಶೋಧನೆಯ ಬೆಲೆ ಹೇಗೆ ತಿಳಿಯಬೇಕು?

ನವೆಂಬರ್ ೧೬, ಭಾನುವಾರ

ಹನ್ನೊಂದು ಸತ್ತಿವೆ. ಇನ್ನೆರಡರ ಸುಳಿವಿಲ್ಲ, ಸತ್ತಿರಬೇಕು. ಇವತ್ತು ಬೆಳಿಗ್ಗೆ ಕಿವಿಹರುಕಿಯನ್ನು ಕಂಡೆ! ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿದ್ದಳು. ಕಣ್ಣು ನಿಚ್ಚಳ, ಮೂಗು ಶುಭ್ರ. ಹೊಟ್ಟೆ ಜೋತಿದೆ, ಗಬ್ಬವಾಗಿದ್ದಾಳೆ. ಆ ಎರಡರಲ್ಲಿ ಒಂದು ಗಂಡು ಕಾಣೆಯಾಗುವ ಮೊದಲು ಇವಳ ಜೊತೆಯಲ್ಲಿತ್ತು. ಅಂದರೆ ಮರಿಗಳಲ್ಲಿ ಅರ್ಧಕ್ಕಾದರೂ ಮೂರನೇ ಬಗೆ ಬರುತ್ತದೆ. ಈ ಗುಡ್ಡದಲ್ಲಿ ಮತ್ತೆ ತೋಳ ಆಗುವುದಿದ್ದರೆ ಇವಳಿಂದಲೇ ಆಗಬೇಕು. ಆದರೆ ನನ್ನ ಬಳಿ ಇರುವುದು ಇವಳ ಹಿಕ್ಕೆ ಮಾತ್ರ, ಅದನ್ನು ಯಾರೂ ಒಪ್ಪುವುದಿಲ್ಲ.

ಬರುವಾಗ ಹಟ್ಟಿಯಲ್ಲಿ ನಾಗಕ್ಕ ಮಜ್ಜಿಗೆ ಕೊಟ್ಟಳು. ಕುರಿರೊಪ್ಪದ ಬಾಗಿಲಲ್ಲಿ ನಾಯಿಗಳಿಲ್ಲ, ಎರಡನೆಯದೂ ಹೋಯಿತಂತೆ. "ಒಬ್ಳೇ ಮಗಳು ಹಿಂಗೆ ಗುಡ್ಡ ಅಲೀತಿಯಲ್ಲವ್ವ. ಎಷ್ಟು ಸೊರಗಿದೀಯ! ಯಾವಾಗ ಮುಗೀತದೆ ಇದೆಲ್ಲ?" ಅಂದಳು. ಅವಳ ದನಿಗೆ ನನಗೆ ದುಃಖ ಉಕ್ಕಿಬಂತು. "ಕಿವಿ ಹರಿದದ್ದು ಒಂದಿದೆಯಲ್ಲ ನಾಗಕ್ಕ, ಅದೊಂದು ಕೈಗೆ ಸಿಕ್ಕರೆ ಮುಗಿದ ಹಾಗೇ. ಮಾರನೇ ದಿನವೇ ಅಪ್ಪನ ಹತ್ತಿರ ಹೋಗಿಬಿಡುತ್ತೇನೆ" ಎಂದೆ. ಅವಳು ನನ್ನ ತಲೆ ಸವರಿದಳು.

ನವೆಂಬರ್ ೩೦, ಭಾನುವಾರ

ಸರ್‌ಗೆ ಮತ್ತೆ ಫೋನ್. ಕಿವಿಹರುಕಿ ಸತ್ತರೆ ಸರಿ, ಇಲ್ಲವಾದರೆ ಬೋನಿಟ್ಟು ಹಿಡಿದು ರಕ್ತ ತೆಗೆಯಬೇಕು. ಅದಕ್ಕೆ ಅನುಮತಿ ಬರಲು ಆರು ತಿಂಗಳು. ಮಾರ್ಚ್ ದಾಟುತ್ತದೆ. ದಿನಾ ಗುಡ್ಡ ಹತ್ತುತ್ತೇನೆ. ದಿನಾ ಅವಳು ಆರೋಗ್ಯವಾಗಿಯೇ ಇದ್ದಾಳೆ.

ಡಿಸೆಂಬರ್ ೪, ಗುರುವಾರ

ಬೆಳಿಗ್ಗೆ ಏಳಕ್ಕೆ ರಂಗಕ್ಕ ಕರೆದಳು. ಗೊಲ್ಲಪ್ಪ ಬೀದಿಯಲ್ಲೇ ನಿಂತಿದ್ದ. ಕಾಲ ಬಳಿ ಕಂಬಳಿ ಗಂಟು. ಬರ್ರಿ ಅಣ್ಣ, ಒಳಗೆ ಬರ್ರಿ ಎಂದೆ.

"ಒಳಗೆ ಬರಂಗಿಲ್ಲ ಮೇಡಮ್ನೋರೆ. ಇದನ್ನ ನಾನು ಕೊಂದೀನಿ."

ಕಂಬಳಿಯ ಮಡಿಕೆಯಲ್ಲಿ ಆ ಕಿವಿ ಕಂಡಿತು. ಅವನು ನಿಂತಲ್ಲೇ ಹೇಳಿದ. ನಾಯಿ ಇಲ್ಲದ್ದರಿಂದ ಅದು ರೊಪ್ಪದ ತನಕ ಬಂದಿತ್ತು. ಹೊಟ್ಟೆ ಭಾರ, ನೆಗೆಯಲಾಗಲಿಲ್ಲ, ಬೇಲಿಯ ಜಾಲಿಮುಳ್ಳಿನಲ್ಲಿ ಸಿಕ್ಕಿಕೊಂಡಿತು.

"ಬೆಳಕು ಹರಿದಿತ್ತು. ಬಿಡಿಸಿ ಕಳ್ಸಾಣ ಅಂತಾನೆ ಕಂಬ್ಳಿ ತಗಂಡು ಹೋದೆ. ನಮ್ಮಪ್ಪನೂ ಹಂಗೇ ಬಿಡಿಸ್ತಿದ್ದ. ಆಮೇಲೆ ಕಿವಿ ನೋಡ್ದೆ. ನಮ್ಮಾಕಿ ಹೇಳಿದ್ಲು, ಕಿವಿ ಹರಿದಿದ್ದು ಸಿಕ್ರೆ ಆ ಮಗಳು ಅವರಪ್ಪನ ತಾವ ಹೋಗ್ತಾಳೆ ಅಂತ. ದೊಣ್ಣೇಲಿ ಒಂದೇ ಏಟು. ನರಳಲಿಲ್ಲ. ಬ್ಯಾಗ ಕುಯ್ಕಳ್ರಿ, ಇನ್ನಾ ಬಿಸಿ ಐತೆ."

ಉಪ್ಪಿಟ್ಟು ಕೊಟ್ಟವಳು ನಾನು. ಒಂದೊಂದು ಹೆಣ ತಂದಾಗಲೂ ನಕ್ಕವಳು ನಾನು. ಅವನು ಮತ್ತೇನೆಂದು ತಿಳಿಯಬೇಕಿತ್ತು? ಕೂಗಾಡಬೇಕೆನ್ನಿಸಿತು, ಯಾರ ಮೇಲೆ ಕೂಗಾಡಲಿ? ಅವನು ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಾ, ನಾನು ನಗುತ್ತೇನೆಂದು ಕಾಯುತ್ತಿದ್ದ.

ಕುಯ್ದೆ. ನಾಲ್ಕು ಮರಿಗಳಿದ್ದವು, ಮೈಮೇಲೆ ಕೂದಲು ಬಂದಿತ್ತು. ಇನ್ನೊಂದು ವಾರವಿದ್ದರೆ ಹುಟ್ಟುತ್ತಿದ್ದವು. ಐದು ಬಾಟಲಿಗೆ ಚೀಟಿ ಅಂಟಿಸುವವರೆಗೂ ನನ್ನ ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಆಮೇಲೆ ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡೆ.

ಡಿಸೆಂಬರ್ ೫, ಶುಕ್ರವಾರ

ಸರ್‌ಗೆ ಹೇಳಬಾರದೆಂದುಕೊಂಡು ಬೂತಿಗೆ ಹೋದವಳು ಎಲ್ಲವನ್ನೂ ಹೇಳಿಬಿಟ್ಟೆ.

"ತಾಯಿ, ಜೊತೆಗೆ ನಾಲ್ಕು ಮರಿ! ಇಂಥ ದಾಖಲೆ ದೇಶದಲ್ಲಿಲ್ಲ ಉಷಾ. ಆದರೆ ಒಂದು. ಅದು ರೋಗದಿಂದ ಸಾಯಲಿಲ್ಲ ಅನ್ನೋದಕ್ಕೆ ಪುರಾವೆ ಬೇಕು. ಇಲ್ಲದಿದ್ರೆ ಮೂರನೇ ಬಗೆಯೂ ಸತ್ತ ಹಾಗೇ ಲೆಕ್ಕ. ಅರಣ್ಯ ಇಲಾಖೆಗೆ ದೂರು ಕೊಡು. ಕೊಂದವನ ಹೇಳಿಕೆ, ಪಂಚನಾಮೆ ಇದ್ರೆ ಯಾರೂ ಪ್ರಶ್ನೆ ಮಾಡಲ್ಲ."

ತೋಳ ಕೊಂದವರಿಗೆ ಜೈಲು, ಸರ್ ಎಂದೆ.

"ಕಾನೂನು ಅಲ್ವಾ? ನೀನು ಮುಚ್ಚಿಟ್ರೆ ನಿನ್ನದೂ ತಪ್ಪೇ ಆಗುತ್ತೆ."

ಕಾನೂನು. ಸೆಪ್ಟೆಂಬರ್‌ನಲ್ಲಿ ರಿಪೋರ್ಟ್ ಮುಚ್ಚಿಟ್ಟಾಗ ಈ ಮನುಷ್ಯನಿಗೆ ಯಾವ ಕಾನೂನೂ ನೆನಪಾಗಿರಲಿಲ್ಲ. ನನಗೂ ಆಗಿರಲಿಲ್ಲ. ಫೋನಿಟ್ಟೆ.

ಡಿಸೆಂಬರ್ ೮, ಸೋಮವಾರ

ಬರೆಯಬೇಕಾದ ದೂರು ಮೂರು ಸಾಲಿನದು. ಹೆಸರು, ಹಟ್ಟಿ, ತಾರೀಕು. ಅದನ್ನು ಕೊಟ್ಟರೆ ನಾನು ಡಾಕ್ಟರ್ ಉಷಾರಾಣಿ. ರೋಗ ಎಂದು ಸುಳ್ಳು ಬರೆದರೆ ಮೂರನೇ ಬಗೆ ನಿಷ್ಪ್ರಯೋಜಕ ಎಂದು ನಾನೇ ಜಗತ್ತಿಗೆ ಸಾರಿದ ಹಾಗೆ. ಇನ್ನೆಲ್ಲೋ ಉಳಿದಿರುವ ಹಿಂಡಿಗೆ ಹೊಸ ರಕ್ತ ತರಿಸೋಣವೆಂದು ಯಾರಾದರೂ ಹೊರಟರೆ ನನ್ನ ಸುಳ್ಳನ್ನೇ ತೋರಿಸಿ ಬೇಡ ಅನ್ನುತ್ತಾರೆ. ಎರಡೂ ಬೇಡವೆಂದರೆ ಥೀಸಿಸ್ಸೇ ಇಲ್ಲ.

ಸೆಪ್ಟೆಂಬರ್‌ನಲ್ಲಿ ಆ ಕಾಗದ ಕೊಟ್ಟಿದ್ದರೆ ಲಸಿಕೆ ಬರುತ್ತಿತ್ತು. ಗೊಲ್ಲಪ್ಪನ ನಾಯಿಗಳು ಬದುಕಿರುತ್ತಿದ್ದವು. ನಾಯಿಗಳಿದ್ದಿದ್ದರೆ ಅವಳು ರೊಪ್ಪದ ಹತ್ತಿರ ಬರುತ್ತಿರಲಿಲ್ಲ. ಎಷ್ಟು ಸಲ ತಿರುಗಿಸಿ ನೋಡಿದರೂ ಕೊಂದದ್ದು ದೊಣ್ಣೆಯಲ್ಲ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುತ್ತಾರೆ. ಮೊದಲ ಕಲ್ಲು ನನ್ನದು.

ಸಂಜೆ ಎರ್ರಿಸ್ವಾಮಿಯವರ ಮನೆಗೆ ಹೋಗಿ, ಅಂಚೆಯ ತಡವಲ್ಲ, ನಾನೇ ಇಟ್ಟುಕೊಂಡಿದ್ದೆ ಎಂದು ಹೇಳಿದೆ. "ಗೊತ್ತಿತ್ತು ಕಣಮ್ಮ" ಅಂದರು. ಕುಂತ್ಕಳ್ರಿ ಎನ್ನಲಿಲ್ಲ.

ಡಿಸೆಂಬರ್ ೧೨, ಶುಕ್ರವಾರ

ಬೆಳಿಗ್ಗೆ ಗುದ್ದಲಿ ಹಿಡಿದು ಗುಡ್ಡಕ್ಕೆ ಹೋದೆ. ಆಮೇಲೆ ಹಟ್ಟಿಗೆ. ಇವತ್ತು ಗೊಲ್ಲಪ್ಪನಿಗೆ ಒಂಬತ್ತನೇ ದಿನ. ಹಟ್ಟಿಯ ಬೇಲಿಯಾಚೆ ಹುಣಸೆಮರದ ಕೆಳಗೆ ಕೂತಿದ್ದ. ಗಡ್ಡ ಬೆಳೆದಿತ್ತು. ನಾಗಕ್ಕ ಮುದ್ದೆಯ ತಟ್ಟೆಯನ್ನು ದೂರದಲ್ಲಿಟ್ಟು ಹಿಂದೆ ಸರಿದಳು. ಅವನ ಕುರಿಗಳು ಬೇರೆಯವರ ಹಿಂದೆ ಮೇಯಲು ಹೋಗಿದ್ದವು. ಹಟ್ಟಿಯ ಹಿರಿಯರು ಒಬ್ಬರೂ ಅವನನ್ನು ಮಾತಾಡಿಸಿಲ್ಲವಂತೆ. ಅವನ ತಾತ ಮುತ್ತಾತ ಯಾರೂ ಕೂರದ ಜಾಗದಲ್ಲಿ ನನಗಾಗಿ ಕೂತಿದ್ದಾನೆ. ಅವನ ಮುಖ ನೋಡಲು ನಾಚಿಕೆಯಾಯಿತು. ನಾನೂ ನೆಲಕ್ಕೆ ಕೂತೆ.

"ಎಲ್ಲಾ ಮುಗೀತೇನ್ರಿ ಮೇಡಮ್ನೋರೆ?"

"ಮುಗೀತು ಅಣ್ಣ. ನಾಳೆ ಬೆಳಿಗ್ಗೆ ಬಸ್ಸಿಗೆ ಊರಿಗೆ ಹೋಗ್ತೀನಿ."

ಅವನು ಗುಡ್ಡದ ಕಡೆ ತಿರುಗಿದ. ಆಮೇಲೆ, ತನಗೆ ತಾನೇ ಹೇಳಿಕೊಳ್ಳುವವನಂತೆ ಕೇಳಿದ: "ಹಂಗಾರೆ ತೋಳಪ್ಪನ ಜೀವ ಸುಮ್ನೆ ಹೋಗಲಿಲ್ಲ ಅನ್ರಿ."

"ಇಲ್ಲ ಅಣ್ಣ. ಸುಮ್ಮನೆ ಹೋಗಲಿಲ್ಲ" ಎಂದೆ.

ಐದೂ ಬಾಟಲಿಗಳನ್ನು ಬೆಳಿಗ್ಗೆಯೇ ಗುಡ್ಡದ ಮೇಲೆ ಹೂತು ಬಂದಿದ್ದೆ.